ಎದುರು ಬೆಟ್ಟದ ಬಿಸಿಲು

ಸ್ಯಾನ್ ಡಿಯೇಗೊದಿಂದ ಹೊರಟು, ಬೆಟ್ಟದ ಮೇಲಿನ ಜೂಲಿಯನ್ ಎಂಬ ಊರಿನಲ್ಲಿ ಕೊಂಡ ಬಿಸಿಬಿಸಿ ಆ್ಯಪಲ್ ಪೈ ನನ್ನ ತೊಡೆಯ ಮೇಲಿತ್ತು. ಕಾರು ಓಡಿಸುತ್ತಿದ್ದ ಗೆಳತಿ ರೆಹಾನಾ, ಮೈಸೂರಿನಿಂದ ಬಂದಿದ್ದ ಅವಳ ತಂದೆ ಅನ್ವರ್ ಅಂಕಲ್, ಇಬ್ಬರಿಗೂ ರಂಜಾನ್ ಉಪವಾಸ. ಅವರೆದುರು ಹೇಗೆ ತಿನ್ನುವುದೆಂದು ಬೆಳಗಿನಿಂದ ನಾನೂ ಏನೂ ಮುಟ್ಟಿರಲಿಲ್ಲ.

ಎಪ್ಪತ್ತೆಂಟನೇ ನಂಬರಿನ ಹೆದ್ದಾರಿ ಪೈನ್ ಮರಗಳ ನಡುವಿನಿಂದ ಸುತ್ತಿ ಸುತ್ತಿ ಇಳಿದು, ಅರ್ಧ ಗಂಟೆಯಲ್ಲಿ ನಮ್ಮನ್ನು ಮರುಭೂಮಿಗೆ ತಂದುಬಿಟ್ಟಿತು. ಮರಳಿನ ತುಂಬ ಹಳದಿ ಹೂ! ಹಿಂದಿನ ಬೆಟ್ಟದಾಚೆ ಸೂರ್ಯ ಮರೆಯಾದದ್ದೇ ತಡ, ಅಂಕಲ್ ಕಾರು ನಿಲ್ಲಿಸಲು ಹೇಳಿ ಖರ್ಜೂರದ ಡಬ್ಬಿ ತೆಗೆದರು.

“ಅಬ್ಬಾ, ಇರಿ. ಬೆಟ್ಟ ಅಡ್ಡ ಬಂದಿದೆ ಅಷ್ಟೆ, ಸೂರ್ಯ ಇನ್ನೂ ಮುಳುಗಿಲ್ಲ. ಎದುರುಗಡೆ ನೋಡಿ,” ಎಂದು ತಂದೆಯನ್ನು ತಡೆದಳು ರೆಹಾನಾ.

ಪೂರ್ವದ ಬೋಳು ಬೆಟ್ಟಗಳ ಮೇಲೆ ಬಿಸಿಲು ಹಾಗೇ ಇತ್ತು. ಮೂವರೂ ಹೂಗಳ ನಡುವೆ ನಿಂತು, ಅದು ಬೆಟ್ಟದ ತುದಿಗೇರಿ ಮರೆಯಾಗುವುದನ್ನೇ ಕಾದೆವು. ಅಷ್ಟು ಸೋಮಾರಿ ಬಿಸಿಲನ್ನು ನಾನು ಎಲ್ಲೂ ಕಂಡಿಲ್ಲ. ಕೊನೆಗೂ ತುದಿಯ ಕೆಂಪು ಆರಿತು.

ಅಂಕಲ್ ಮೊದಲ ಖರ್ಜೂರವನ್ನು ನನ್ನತ್ತ ಚಾಚಿದರು. “ನೀನು ಮೊದ್ಲು ತಗೊಳಮ್ಮ. ಉಪವಾಸ ನಮ್ದು, ಮುಖ ಬಾಡಿರೋದು ನಿಂದು!”