ಜಪಾನಿನ ಆಮೆಗೆ ನನ್ನ ದನಿ

ಇದನ್ನು ಬರೆಯಬೇಕು, ಬರೆಯಬೇಕು ಎಂದುಕೊಳ್ಳುತ್ತಲೇ ಎರಡು ದೀಪಾವಳಿ ಕಳೆದವು. ಬರೆದರೆ ಅರ್ಧ ಬರೆದು ಬಿಡುವ ಹಾಗಿಲ್ಲ, ಪೂರ್ತಿ ಬರೆದರೆ ನನ್ನ ಮರ್ಯಾದೆ ಉಳಿಯುವುದಿಲ್ಲ. ಹೀಗಾಗಿ ಪ್ರತಿ ಸಲ ಪೆನ್ನು ಹಿಡಿದು ಕೂತು, ಕನ್ನಡಕ ಸಿಗಲಿಲ್ಲವೆಂದು ಎದ್ದು ಹೋಗುತ್ತಿದ್ದೆ. ಕನ್ನಡಕ ಹಣೆಯ ಮೇಲೆಯೇ ಇರುತ್ತಿತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಮೆಟ್ರಿಕ್ ಪಾಸಾಗಿ ಭಾಲ್ಕಿಯಲ್ಲಿ ಟೆಲಿಫೋನ್ ಆಪರೇಟರನಾಗಿ ಸೇರಿದವನು. ಆಗ ನಂಬರ್ ಒತ್ತಿದರೆ ಹತ್ತುವ ಫೋನುಗಳಿರಲಿಲ್ಲ. ಊರಿನವರು ರಿಸೀವರ್ ಎತ್ತಿದರೆ ನಮ್ಮ ಬೋರ್ಡಿನಲ್ಲಿ ಗೊತ್ತಾಗುತ್ತಿತ್ತು. ಯಾರು ಬೇಕೆಂದು ಕೇಳಿ, ತಂತಿ ಚುಚ್ಚಿ, ನಾವೇ ಜೋಡಿಸಿ ಕೊಡಬೇಕು. ಮಳೆಗಾಲದಲ್ಲಿ ಲೈನಿನೊಳಗೆ ಯಾರೋ ಅಳುವಂತೆ ಕೇಳಿಸಿದರೆ ನಮ್ಮ ಕಾವಲುಗಾರ ಕೈ ಮುಗಿದು ನಿಲ್ಲುತ್ತಿದ್ದ. ‘ಕೇಬಲ್‌ದಾಗ ನೀರ ಹೊಕ್ಕದೋ, ದೆವ್ವ ಅಲ್ಲ’ ಎಂದು ನಾನು ನಗುತ್ತಿದ್ದೆ. ಮರುದಿನ ಅಗೆದು ನೋಡಿದರೆ ನೀರೇ ಹೊಕ್ಕಿರುತ್ತಿತ್ತು. ಎಲ್ಲಕ್ಕೂ ಹೀಗೆ ಒಂದು ನೀರು ಹೊಕ್ಕ ಜಾಗ ಇದ್ದೇ ಇರುತ್ತದೆ ಎಂದು ಮೊನ್ನೆ ಮೊನ್ನೆಯವರೆಗೂ ತಿಳಿದಿದ್ದೆ.

ಆ ನೌಕರಿ ನನಗೆ ಕೊಟ್ಟ ಆಸ್ತಿ ಎಂದರೆ ಕಿವಿ. ಹಲೋ ಅನ್ನುವ ಮೊದಲೇ, ಬರೀ ಉಸಿರಿನ ಮೇಲೆ, ಇದು ಬೇಳೆ ಮಿಲ್ಲಿನ ಶೇಟಜಿ, ಇದು ದವಾಖಾನೆಯ ಕಂಪೌಂಡರ್ ಎಂದು ಹೇಳುತ್ತಿದ್ದೆ. ರಿಟೈರಾಗಿ ಬೀದರಿನ ಮೈಲೂರಿಗೆ ಬಂದು ಮಗನ ಮನೆಯಲ್ಲಿ ಕೂತ ಮೇಲೆ ಈ ಕಿವಿಗೆ ಕೆಲಸವಿಲ್ಲದಂತಾಗಿತ್ತು. ಅದಕ್ಕೆ ಮತ್ತೆ ಕೆಲಸ ಕೊಟ್ಟವಳು ಮೊಮ್ಮಗಳು ಪಲ್ಲವಿ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಸಂಜೆ ಮನೆಯಲ್ಲಿ ನಾನು, ನನ್ನ ಮನೆಯವಳು, ಪಲ್ಲವಿ. ಸಾಲಿ ಬಿಟ್ಟು ಬಂದವಳೇ ಟಿವಿ ಹಚ್ಚುತ್ತಿದ್ದಳು. ಜಪಾನಿನ ಚಿತ್ರಗಳು, ಮಾತು ಮಾತ್ರ ಹಿಂದಿಯಲ್ಲಿ.

‘ಈ ಕಾರ್ಟೂನ್ ಎಷ್ಟ ನೋಡ್ತಿ?’ ಅಂದರೆ, ‘ಕಾರ್ಟೂನ್ ಅಲ್ಲ ಮುತ್ಯಾ, ಅನಿಮೆ ಅನ್ನು’ ಎಂದು ತಿದ್ದುತ್ತಿದ್ದಳು.

ಒಂದು ಸಂಜೆ, ಹಸಿರು ಕೂದಲಿನ ಹುಡುಗನೊಬ್ಬ ಕತ್ತಿ ಹಿಡಿದು ಚೀರುತ್ತಿದ್ದ. ನಾನು ಪೇಪರ್ ಓದುತ್ತಲೇ, ‘ಇಂವ ಮೊನ್ನಿ ರಾಜನ ಮನ್ಯಾಗ ಅಡಗಿ ಮಾಡ್ತಿದ್ನಲ್ಲ?’ ಅಂದೆ.

‘ಏ ಮುತ್ಯಾ, ಆ ಹುಡುಗ ಬ್ಯಾರೆ, ಇಂವ ಬ್ಯಾರೆ!’

‘ಮಾರಿ ಬ್ಯಾರೆ. ಗಂಟಲ ಅದೇ.’

ಅವಳು ಮೊಬೈಲಿನಲ್ಲಿ ಹುಡುಕಿದಳು. ಕಣ್ಣು ಅಗಲವಾದವು. ‘ಖರೇನೇ ಮುತ್ಯಾ! ಇಬ್ರಿಗೂ ಒಬ್ರೇ ಮಾತಾಡ್ಯಾರ!’

ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ಆಟ ಶುರುವಾಯಿತು. ನಾನು ಟಿವಿಗೆ ಬೆನ್ನು ಮಾಡಿ ಕೂಡಬೇಕು, ದನಿ ಕೇಳಿ ಹೇಳಬೇಕು. ಸರಿ ಹೇಳಿದರೆ ನನಗೊಂದು ಮಿರ್ಚಿ ಭಜಿ, ತಪ್ಪಿದರೆ ಅದು ಪಲ್ಲವಿಗೆ. ನಾನು ಡಬ್ಬಿಂಗ್ ಮಾಡುವವರ ಇಡೀ ಊರನ್ನೇ ಗುರುತು ಹಿಡಿದುಬಿಟ್ಟೆ. ಒಬ್ಬ ಹೆಣ್ಣುಮಗಳು ಎಷ್ಟೋ ಚಿತ್ರಗಳಲ್ಲಿ ಸಣ್ಣ ಹುಡುಗನಾಗುತ್ತಾಳೆ, ಒಂದರಲ್ಲಿ ನರಿಯಾಗುತ್ತಾಳೆ. ಏನೇ ಆಗಲಿ, ಅಳು ಮುಗಿಸುವಾಗ ಒಂದು ಚೂರು ಉಸಿರನ್ನು ಒಳಗೆ ಎಳೆದುಕೊಳ್ಳುತ್ತಾಳೆ. ಇನ್ನೊಬ್ಬ ಎಲ್ಲ ಚಿತ್ರಗಳಲ್ಲೂ ಅಪ್ಪನೇ. ಪಾಪ, ಒಂದು ಗಂಟಲಿಗೆ ಎಷ್ಟು ಸಂಸಾರ! ಓಣಿಯ ಹುಡುಗರೆಲ್ಲ ಪರೀಕ್ಷೆ ಮಾಡಲು ಬರತೊಡಗಿದರು. ನನ್ನ ಮನೆಯವಳು ಮಾತ್ರ, ‘ಮನಿ ಮಂದಿ ಕರದ್ರ ಕೇಳ್ಸಂಗಿಲ್ಲ, ಜಪಾನಿನವ್ರು ಕೆಮ್ಮಿದ್ರ ಕೇಳಸ್ತದ’ ಅನ್ನುತ್ತಿದ್ದಳು. ಅಷ್ಟು ಸಂತೋಷದ ದಿನಗಳನ್ನು ನಾನು ನೌಕರಿಯಲ್ಲಿದ್ದಾಗಲೂ ಕಂಡಿರಲಿಲ್ಲ.

ಅಂಥದೇ ಒಂದು ರವಿವಾರ. ನನ್ನ ಮನೆಯವಳು ಅಡಿಗೆಮನೆಯಲ್ಲಿ ಭಜಿ ಕರಿಯುತ್ತಿದ್ದಳು. ಮೇಲಿನ ಫಳಿಯಿಂದ ಕಡಲೆ ಹಿಟ್ಟಿನ ಡಬ್ಬಿ ಇಳಿಸಿ ಕೊಡಿ ಎಂದು ಆಗಲೇ ಕೂಗಿದ್ದಳು; ನಾನು ಎದ್ದಿರಲಿಲ್ಲ. ಟಿವಿಯಲ್ಲಿ ಹೊಸ ಚಿತ್ರ. ಸೇತುವೆಯ ಹತ್ತಿರ ಒಂದು ಮುದಿ ಆಮೆ ಕಂದೀಲಿನ ಅಂಗಡಿ ಇಟ್ಟಿದೆಯಂತೆ. ದಾರಿ ತಪ್ಪಿದ ಹುಡುಗಿ ಬಂದು ಬಾಗಿಲು ಬಡಿದು ಕಂದೀಲು ಕೇಳುತ್ತಾಳೆ. ಒಳಗಿನಿಂದ ಆಮೆ ನಿಧಾನವಾಗಿ ಹೇಳಿತು:

‘ಠೈರೋ, ಠೈರೋ. ಅಬ್ಬಿಚ್ ದೇತೌಂ.’

ತಡೀರಿ, ಈಗಲೇ ಕೊಡ್ತೀನಿ ಎಂದು ಅರ್ಥ. ಅದು ಟಿವಿಯ ಹಿಂದಿ ಅಲ್ಲ, ನಮ್ಮ ಕಡೆಯ ದಖನಿ. ‘ಹೇಳು ಮುತ್ಯಾ, ಯಾರಿದು?’ ಎಂದು ಪಲ್ಲವಿ ಕೇಳಿದಳು. ನನ್ನ ಬಾಯಿ ತುಂಬ ಭಜಿ. ಎಷ್ಟು ನೆನಪು ಮಾಡಿಕೊಂಡರೂ ಆ ದನಿ ಯಾರದೆಂದು ಹೊಳೆಯಲಿಲ್ಲ. ಸೋತೆ ಎಂದು ಕೈ ಎತ್ತಿದೆ.

ಆಗ ಅಡಿಗೆಮನೆಯಿಂದ ನನ್ನ ಮನೆಯವಳು ಸಿಟ್ಟಿನಲ್ಲಿ ಕೂಗಿದಳು. ‘ಒಂದ ತಾಸಿಂದ ಅಬ್ಬಿಚ್ ದೇತೌಂ, ಅಬ್ಬಿಚ್ ದೇತೌಂ ಅನ್ಲತ್ತೀರಿ! ಡಬ್ಬಿ ಕೊಡ್ತೀರೋ ಇಲ್ಲೋ?’

ಪಲ್ಲವಿ ನನ್ನನ್ನು ನೋಡಿದಳು, ಟಿವಿಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ‘ಆಯೀ, ಮುತ್ಯಾ ಬಾಯಿ ಬಿಟ್ಟಿಲ್ಲ. ಆಮೆ ಅಂದದ್ದು!’ ಅಂದವಳೇ ಬಿದ್ದು ಬಿದ್ದು ನಗತೊಡಗಿದಳು.

ನಂಬರಿಗಾಗಿ ಅವಸರ ಮಾಡುವವರಿಗೆಲ್ಲ ನಾನು ಬೋರ್ಡಿನ ಮುಂದೆ ಕೂತು ಹೇಳುತ್ತಿದ್ದ ಮಾತು ಅದು. ರಿಟೈರಾದ ಮೇಲೂ ಮನೆಯಲ್ಲಿ ಯಾರು ಏನು ಕೇಳಿದರೂ ಅದನ್ನೇ ಅನ್ನುತ್ತೇನೆ. ಪಲ್ಲವಿ ನನ್ನಿಂದ ಆ ಮಾತು ಹೇಳಿಸಿ ಮೊಬೈಲಿಗೆ ತುಂಬಿಕೊಂಡಳು. ಆಮೆಯದೊಮ್ಮೆ, ನನ್ನದೊಮ್ಮೆ ಹಚ್ಚಿದಳು. ಯಾವುದು ಯಾರದೆಂದು ಗೊತ್ತಾಗಲಿಲ್ಲ. ಕಟ್ಟಿಸಿದ ಹಲ್ಲುಗಳ ಸಂದಿಯಿಂದ ‘ಬ್ಬಿಚ್’ ಅನ್ನುವಾಗ ನನಗೊಂದು ಸಣ್ಣ ಸೀಟಿ ಬರುತ್ತದೆ. ಆಮೆಗೂ ಬರುತ್ತಿತ್ತು. ಸಂಜೆ ಮಗ ಬಂದು ಕೇಳಿ, ‘ಅಪ್ಪಾ, ಯಾವಾಗ ಬೊಂಬಾಯಿಗಿ ಹೋಗಿ ಮಾತಾಡಿ ಬಂದ್ರಿ?’ ಎಂದು ಕಾಡಿಸಿದ. ಮನೆಯಲ್ಲಿ ಹಬ್ಬವೇ ಆಯಿತು. ನಾನೂ ನಕ್ಕೆ. ಆದರೆ ನನಗೆ ಆಗಲೇ ನೆನಪಾಗಿತ್ತು. ಆ ದನಿಯನ್ನು ನಾನು ಹಿಂದೆ ಒಮ್ಮೆಯಲ್ಲ, ಹಲವು ಸಲ ಕೇಳಿದ್ದೆ. ಕೇಳಿದ್ದು ನನಗೆ ಎಲ್ಲ ಹಲ್ಲುಗಳೂ ಗಟ್ಟಿಯಿದ್ದ ಕಾಲದಲ್ಲಿ, ಬೇರೆಯವನ ಬಾಯಿಂದ.

ಭಾಲ್ಕಿಯಲ್ಲಿ ನನ್ನ ಪಕ್ಕದ ಬೋರ್ಡಿನಲ್ಲಿ ಕೂಡುತ್ತಿದ್ದ ಗೆಳೆಯ ಆತ. ಔರಾದಿನವನು. ನನ್ನದು ಕಾಯಂ ನೌಕರಿ, ಅವನದು ದಿನಗೂಲಿ. ನನಗೆ ಕಿವಿ ಇದ್ದಂತೆ ಅವನಿಗೆ ಗಂಟಲಿತ್ತು. ಯಾರ ದನಿಯನ್ನಾದರೂ ಅಂಗಿ ಹಾಕಿಕೊಂಡಂತೆ ಹಾಕಿಕೊಳ್ಳುತ್ತಿದ್ದ. ಎದುರಿನ ಚಹಾ ಅಂಗಡಿಯಲ್ಲಿ ಎಲ್ಲರೂ ಸೇರಿದಾಗ, ‘ನೋಡ್ರಿ, ಇಂವ ಮುದುಕ ಆದಮ್ಯಾಲ ಹಿಂಗ ಮಾತಾಡ್ತಾನ’ ಎಂದು ನನ್ನ ಮುಪ್ಪಿನ ದನಿ ತೆಗೆಯುತ್ತಿದ್ದ. ಅದೇ ಮಾತು, ಅದೇ ಸೀಟಿ. ಎಲ್ಲರೂ ನಗುತ್ತಿದ್ದರು. ‘ಹೋಗೋ, ನನ್ನ ದನಿ ಹಿಂಗ ಎಂದೂ ಆಗಂಗಿಲ್ಲ’ ಎಂದು ನಾನು ಅವನ ಬೆನ್ನಿಗೆ ಗುದ್ದುತ್ತಿದ್ದೆ.

ನನಗೆ ಸಿನೆಮಾದ ಹುಚ್ಚು. ಡ್ಯೂಟಿಯ ನಡುವೆ ಎದ್ದು ಟಾಕೀಜಿಗೆ ಹೋಗಿಬಿಡುತ್ತಿದ್ದೆ. ಆಗೆಲ್ಲ ಎರಡೂ ಬೋರ್ಡು ಅವನೇ ನೋಡಿಕೊಳ್ಳುತ್ತಿದ್ದ. ನನ್ನ ಬೋರ್ಡಿಗೆ ಬಂದವರಿಗೆ ನನ್ನ ದನಿಯಲ್ಲೇ ಉತ್ತರ ಕೊಡುತ್ತಿದ್ದ. ನಾನು ಎದ್ದು ಹೋದದ್ದು ಊರಿಗೆ ಒಮ್ಮೆಯೂ ಗೊತ್ತಾಗಲಿಲ್ಲ.

ಒಂದು ದಿನ ನಾನು ಟಾಕೀಜಿನಲ್ಲಿದ್ದಾಗ ಒಬ್ಬ ವ್ಯಾಪಾರಿಯ ತುರ್ತು ಟ್ರಂಕ್ ಕಾಲ್ ಹೋಗಲಿಲ್ಲ. ಎರಡು ಬೋರ್ಡಿನ ಗದ್ದಲದಲ್ಲಿ ಒಬ್ಬನಿಗೆ ಎಷ್ಟು ಸಾಧ್ಯ? ಮರುದಿನ ವ್ಯಾಪಾರಿ ಬಂದು ಸಾಹೇಬರ ಮುಂದೆ ನನ್ನ ಕಡೆಗೆ ಬೆರಳು ಮಾಡಿದ. ‘ಇವ್ರ ಜೋಡೀನೇ ಮಾತಾಡೀನಿ. ಅಬ್ಬಿಚ್ ದೇತೌಂ ಅಂದ್ರು, ಕೊಡ್ಲೇ ಇಲ್ಲ.’

ಸಾಹೇಬರು ನನ್ನನ್ನು ನೋಡಿದರು. ನಾನು ಹೇಳಿದೆ: ‘ಸಾಹೇಬ್ರೇ, ಆ ದನಿ ನಂದಲ್ರಿ. ಇಂವ ನನ್ನ ದನಿ ತಗದು ಆಟ ಆಡ್ತಾನ.’

ನೋಡಿ, ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅಷ್ಟು ಖರೆ ಮಾತು ಹೇಳಿ ಅಷ್ಟು ದೊಡ್ಡ ಸುಳ್ಳನ್ನು ನಾನು ಮತ್ತೆಂದೂ ಆಡಿಲ್ಲ. ‘ಇಂವ ಟಾಕೀಜಿಗಿ ಹೋಗಿದ್ದ’ ಎಂದು ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನನ್ನನ್ನು ಒಮ್ಮೆ ನೋಡಿ ತಲೆ ಕೆಳಗೆ ಹಾಕಿದ. ಮರುದಿನದಿಂದ ಬರಬೇಡ ಎಂದು ಸಾಹೇಬರು ಅವನಿಗೆ ಅಂದರು. ಔರಾದಿನ ಬಸ್ಸು ಹತ್ತುವಾಗ ಕಳಿಸಲು ಸಹ ನಾನು ಹೋಗಲಿಲ್ಲ.

ಆಮೆಯ ದನಿ ಕೇಳಿದ ಮೇಲೆ ಕೂತಲ್ಲಿ ಕೂಡಲಾಗಲಿಲ್ಲ. ಅವನು ಬದುಕಿದ್ದಾನೋ ಇಲ್ಲವೋ ತಿಳಿಯಬೇಕು, ಸಿಕ್ಕರೆ ತಪ್ಪಾಯಿತು ಅನ್ನಬೇಕು. ಮನೆಯವಳಿಗೆ ಎಲ್ಲ ಹೇಳಿದೆ. ಅವಳು, ‘ಹೋಗಿ ಬರ್ರಿ. ಇಷ್ಟ ವರ್ಷ ಠೈರೋ ಅಂದದ್ದು ಸಾಕು’ ಅಂದಳು.

ಔರಾದಿನಲ್ಲಿ ಅವನ ಅಕ್ಕನ ಮನೆ ನನಗೆ ಗೊತ್ತಿತ್ತು; ಭಾಲ್ಕಿಯ ದಿನಗಳಲ್ಲಿ ಅವನ ಜೊತೆ ಹೋಗಿ ಒಮ್ಮೆ ಅಲ್ಲಿ ಉಂಡಿದ್ದೆ. ಓಣಿ ಬದಲಾಗಿದ್ದರೂ ಮನೆ ಅಲ್ಲಿಯೇ ಇತ್ತು. ಮಧ್ಯಾಹ್ನ, ಬಾಗಿಲು ತೆರೆದೇ ಇತ್ತು. ‘ಮನ್ಯಾಗ ಯಾರದೀರ್ರಿ?’ ಎಂದು ಕೂಗಿದೆ.

ಒಳಗಿನಿಂದ ಮುದುಕಿಯೊಬ್ಬಳ ನಗು ಬಂತು. ‘ಬಂದ ನೋಡು ಭಾಲ್ಕಿ ಮುದುಕ! ಎಲ್ಲಿ ಹಾಳಾಗಿ ಹೋಗಿದ್ದಿ ತಮ್ಮಾ ಇಷ್ಟ ವರ್ಷ? ಒಳಗ ಬಾ.’

ನನ್ನ ಕಾಲು ಹೊಸ್ತಿಲಲ್ಲೇ ನಿಂತವು. ಅವಳ ಸೊಸೆ ಹೊರಗೆ ಬಂದು, ‘ನಮ್ಮತ್ತಿಗಿ ಕಣ್ಣ ಕಾಣಂಗಿಲ್ರಿ. ನೀವು ಯಾರ್ರಿ?’ ಅಂದಳು. ಹೇಳಿದೆ. ಆಕೆಯೂ ತನಗೆ ಗೊತ್ತಿದ್ದಷ್ಟು ಹೇಳಿದಳು. ಭಾಲ್ಕಿಯಿಂದ ಬಂದ ಮೇಲೆ ಆತ ಕೆಲವು ವರ್ಷ ಊರಲ್ಲಿದ್ದು, ಆಮೇಲೆ ಬೊಂಬಾಯಿ ಕಡೆಗೆ ಹೋದನಂತೆ. ವರ್ಷಕ್ಕೊಮ್ಮೆ ಬರುತ್ತಿದ್ದ. ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಇದೇ ದನಿ ತೆಗೆದು ಅಕ್ಕನನ್ನು ನಗಿಸುತ್ತಿದ್ದ. ಈಗ ಬಹಳ ವರ್ಷಗಳಿಂದ ಬಂದಿಲ್ಲ. ಇದ್ದಾನೋ ಇಲ್ಲವೋ ಗೊತ್ತಿಲ್ಲ.

ನಾನು ಅಕ್ಕನ ಮುಂದೆ ನೆಲದ ಮೇಲೆ ಕೂತೆ. ‘ಅಕ್ಕಾ, ನಾ ನಿಮ್ಮ ತಮ್ಮ ಅಲ್ರಿ. ಭಾಲ್ಕಿ ಆಪರೇಟರ್ ನಾನೇ. ನಂದು ತಪ್ಪಾಗ್ಯದ. ಮಾಫಿ ಕೇಳ್ಲಾಕ ಬಂದೀನಿ.’

ಅವಳು ಚಪ್ಪಾಳೆ ತಟ್ಟಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ‘ಹಿಂಗೇ! ಹಿಂಗೇ ಅಂತಿದ್ದಿ! ಅಂವ ಮುದುಕ ಆದಮ್ಯಾಲ ಒಂದಿನ ಬರ್ತಾನ ಅಕ್ಕಾ, ಬಂದು ಹಿಂಗ ಮಾಫಿ ಕೇಳ್ತಾನ ಅಂತ. ಆ ಸೀಟಿ ಸುದ್ದಾ ಮರತಿಲ್ಲ ನೋಡು ನನ್ನ ತಮ್ಮ!’

ಎಷ್ಟು ಸಲ ನಿಜ ಹೇಳಿದೆನೋ ಅಷ್ಟು ಸಲ ನಕ್ಕಳು. ಕೊನೆಗೆ ನಾನೇ ಕೇಳಿದೆ: ‘ಆವಾಗ ನೀವು ಏನಂತಿದ್ರಿ ಅಕ್ಕಾ?’

‘ಏನಂತಿದ್ದೆ? ಬರ್ಲಿ ಬಿಡು, ಬಂದ್ರ ರೊಟ್ಟಿ ಹಾಕ್ತೀನಿ ಅಂತಿದ್ದೆ. ಏಳು, ಕೈ ತೊಳಕೊ.’

ಬಿಸಿ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ನಾನು ಉಂಡೆ. ಅವಳು ಪಕ್ಕದಲ್ಲಿ ಕೂತು ನನ್ನ ಬೆನ್ನ ಮೇಲೆ ಕೈಯಾಡಿಸುತ್ತ, ಬಡಕಾಗೀದಿ, ಬಡಕಾಗೀದಿ ಅನ್ನುತ್ತಿದ್ದಳು. ನಾನು ಅಷ್ಟು ದೊಡ್ಡ ಹೊಟ್ಟೆಯವನು!

ಇದಿಷ್ಟು ನಡೆದದ್ದು. ಆಮೆಗೆ ಮಾತಾಡಿದವರ ಹೆಸರು ಪಲ್ಲವಿಗೆ ಎಲ್ಲಿಯೂ ಸಿಗಲಿಲ್ಲ. ‘ಅವ್ರೇ ಇರಬೇಕು ಮುತ್ಯಾ, ಬೊಂಬಾಯ್ದಾಗ ಡಬ್ಬಿಂಗ್ ಮಾಡ್ತಿರಬೇಕು’ ಅನ್ನುತ್ತಾಳೆ. ಆಗಿರಲಿ ಎಂದು ನಾನು ದಿನಾ ಬೇಡಿಕೊಳ್ಳುತ್ತೇನೆ. ಆದರೆ ಭಾಲ್ಕಿಯ ಆ ಹರೆಯದಲ್ಲಿ ಅವನಿಗೆ ನನ್ನ ಈ ದನಿ, ನಾನು ಇನ್ನೂ ಕಟ್ಟಿಸದ ಹಲ್ಲಿನ ಈ ಸೀಟಿ, ಹೇಗೆ ಗೊತ್ತಾಯಿತು? ನಾನೊಮ್ಮೆ ಅವನ ಅಕ್ಕನ ಮುಂದೆ ಬಂದು ಕೂಡುತ್ತೇನೆಂದು ಯಾರು ಹೇಳಿದರು? ನನಗೆ ತಿಳಿಯುತ್ತಿಲ್ಲ. ಟಿವಿಯಲ್ಲಿ ಆಮೆ ಬಂದರೆ ಈಗಲೂ ಮನೆಯವರೆಲ್ಲ ಓಡಿ ಬರುತ್ತಾರೆ, ನಗುತ್ತಾರೆ. ನಾನೂ ನಗುತ್ತೇನೆ, ನಗುತ್ತ ಅದರ ಉಸಿರಿಗೆ ಕಿವಿ ಕೊಡುತ್ತೇನೆ.

ಮಾಫಿ ಕೇಳಿದ್ದು ಅಕ್ಕನನ್ನು. ಅವನನ್ನಲ್ಲ. ಇಷ್ಟು ವರ್ಷ ಅವನ ಹೆಸರನ್ನು ನಾನು ಬಾಯಿ ಬಿಟ್ಟು ಹೇಳಿಲ್ಲ. ಇಲ್ಲಿಯೂ, ಇಷ್ಟು ಬರೆದರೂ, ಹೇಳದೆ ದಾಟಿಸಿಕೊಂಡೇ ಬಂದೆ. ಮಾಣಿಕ ಅವನ ಹೆಸರು. ಔರಾದಿನ ಮಾಣಿಕಪ್ಪ.