ಒಳಗೆ ಜಾಗ ಇದೆ

ಎಂಬತ್ತರ ದಶಕದಲ್ಲಿ ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಒಬ್ಬ ಕೆಮಿಸ್ಟ್ ಇದ್ದರು. ಅನಿಲಗಳನ್ನು ಬೇರ್ಪಡಿಸುವ, ಸಬ್ಬಕ್ಕಿಯಂಥ ಬಿಳಿ ಕಾಳು ತಯಾರಿಸುವುದು ಅವರ ಕೆಲಸ. ಒಂದು ಕಾಳನ್ನು ಉಗುರಿನ ಮೇಲಿಟ್ಟು, "ಗಟ್ಟಿ ಅನ್ಕೊಂಡ್ರಾ? ಒಳಗೆ ಜಾಗ ಇದೆ ಕಣ್ರೀ! ಮೈಯೆಲ್ಲ ತೂತು. ಸಣ್ಣ ಗ್ಯಾಸು ಒಳಗೆ ನುಗ್ಗುತ್ತೆ, ದಪ್ಪಂದು ಹೊರಗೇ ಉಳಿಯುತ್ತೆ," ಎನ್ನುವರು. ಕ್ಯಾಂಟೀನಿನಲ್ಲಿ ಮೂರನೆಯ ಮುದ್ದೆಗೆ ಕೈಚಾಚುವಾಗಲೂ "ಒಳಗೆ ಜಾಗ ಇದೆ ಕಣ್ರೀ!" ಅವರ ಅಂಗಿಯ ಗುಂಡಿಗಳು ಮಾತ್ರ ಇದನ್ನು ಒಪ್ಪುತ್ತಿರಲಿಲ್ಲ.

ಯಜಮಾನರು ಕಾಳಿನ ಪ್ರಯೋಗ ನೋಡಲು ಬರಲಿದ್ದ ದಿನ, ಕಾರ್ಖಾನೆಗೆ ಹೋಗಲು ನಾವೆಲ್ಲ ಕಾದಿದ್ದ ಬಸ್ಸು ಕಿಕ್ಕಿರಿದು ಬಂತು. ಅದು ಬಿಟ್ಟರೆ ಇನ್ನೊಂದು ಮಧ್ಯಾಹ್ನಕ್ಕೇ.

"ಜಾಗ ಇಲ್ಲ ಸಾರ್," ಎಂದ ಕಂಡಕ್ಟರ್.

"ಒಳಗೆ ಜಾಗ ಇದೆ ಕಣ್ರೀ!"

ಇವರು ಬಾಗಿಲಿಗೆ ಅಡ್ಡ ನಿಂತು ನಮ್ಮನ್ನೆಲ್ಲ ಗಾತ್ರ ನೋಡಿ ವಿಂಗಡಿಸಿದರು. ಸಣಕಲರು ಮೊದಲು, ಉಳಿದವರು ಆಮೇಲೆ. ಪ್ರತಿ ಬೆನ್ನಿಗೂ ಒಂದು ನೂಕು. ಆಶ್ಚರ್ಯವೆಂದರೆ ಎಲ್ಲರೂ ಹಿಡಿದೆವು. ಕೊನೆಗೆ ಅವರ ಒಂದು ಕಾಲು, ಅರ್ಧ ಹೊಟ್ಟೆ ಒಳಬಂತು. ಮಿಕ್ಕಿದ್ದು ಬರಲೊಲ್ಲದು. ಕಂಡಕ್ಟರ್ ಕೈಮುಗಿದು ಅವರನ್ನು ಇಳಿಸಿ, ಸೀಟಿ ಊದಿದ.

ಅಯ್ಯೋ, ಇವರಿಲ್ಲದೆ ಪ್ರಯೋಗದ ಗತಿಯೇನು ಎಂದು ನಾನು ಕಿಟಕಿಯಿಂದ ಇಣುಕಿದೆ. ಅವರು ರಸ್ತೆಯಲ್ಲಿ ಕುಣಿಯುತ್ತಿದ್ದರು.

"ನೋಡಿದ್ರಾ? ದಪ್ಪಂದು ಹೊರಗೇ ಉಳೀತು! ಯಜಮಾನ್ರಿಗೆ ಹೇಳ್ರೀ, ಪ್ರಯೋಗ ಸಕ್ಸಸ್!"