ಇಪ್ಪತ್ತೈದನೇ ಪುಟ

ನಮ್ಮ ಗ್ರಂಥಾಲಯದ ಯಾವ ಪುಸ್ತಕ ತೆಗೆದರೂ ಇಪ್ಪತ್ತೈದನೇ ಪುಟದಲ್ಲಿ ಒಂದು ನೇರಳೆ ಮುದ್ರೆ ಇರುತ್ತದೆ. ಮೊದಲ ಪುಟದಲ್ಲೂ ಕೊನೆಯ ಪುಟದಲ್ಲೂ ಮುದ್ರೆ ಇರುವುದು ಎಲ್ಲರಿಗೂ ಗೊತ್ತು. ಪುಸ್ತಕ ಕದಿಯುವವರು ಆ ಎರಡು ಹಾಳೆಗಳನ್ನು ನಾಜೂಕಾಗಿ ಹರಿದು ಎಸೆಯುತ್ತಾರೆ. ನಡುವೆ ಇನ್ನೊಂದು ಇದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ನಾವು ಅದನ್ನು ಗುಟ್ಟಿನ ಪುಟ ಎನ್ನುತ್ತೇವೆ. ಇಲ್ಲಿ ಬರೆದು ಗುಟ್ಟು ರಟ್ಟು ಮಾಡಿದಳೆಂದು ಯಾರಾದರೂ ಬೈದರೆ ಬೈಯಲಿ. ಆ ಪುಟದಿಂದ ನಾನು ಕಳೆದುಕೊಂಡದ್ದರ ಮುಂದೆ ನಾಲ್ಕು ಪುಸ್ತಕ ಹೋದರೆ ದೊಡ್ಡ ಮಾತಲ್ಲ.

ಮುದ್ರೆ ಒತ್ತುವುದನ್ನು ನಾನು ಕಲಿತದ್ದು ಶಿಕಾರಿಪುರದಲ್ಲಿ. ಪದವಿ ಮುಗಿಸಿ, ಮದುವೆಗೆ ಮುಂಚೆ, ಕೆಲಸದ ಪರೀಕ್ಷೆಗಳಿಗೆ ಓದಲು ದಿನಾ ಅಲ್ಲಿನ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ನನ್ನಂಥವರು ಹತ್ತು ಹನ್ನೆರಡು ಜನ ಇದ್ದೆವು. ಉಳಿದವರು ಓದಿ ಎದ್ದು ಹೋಗುತ್ತಿದ್ದರು. ನನಗೆ ಹರಡಿದ ಪತ್ರಿಕೆಗಳನ್ನು ನೋಡಿದರೆ ಕೈ ಸುಮ್ಮನಿರುತ್ತಿರಲಿಲ್ಲ, ಜೋಡಿಸಿಟ್ಟು ಬರುತ್ತಿದ್ದೆ. ಅಲ್ಲಿದ್ದ ವಯಸ್ಸಾದ ಅಟೆಂಡರ್ ಇದನ್ನು ಗಮನಿಸಿ, ಒಂದು ದಿನ ಹೊಸ ಪುಸ್ತಕಗಳ ರಾಶಿಯ ಮುಂದೆ ನನ್ನನ್ನು ಕೂರಿಸಿದರು. ಮೊದಲ ಪುಸ್ತಕಕ್ಕೆ ನಾನು ದಪ್ಪೆಂದು ಮುದ್ರೆ ಬಡಿದೆ. ಅವರಿಗೆ ಸಿಟ್ಟು ಬಂತು.

"ಬಡಿಬ್ಯಾಡವ್ವ. ಮುದ್ರಿ ಅಂದ್ರ ಹಣಿಗೆ ಕುಂಕುಮ ಇಟ್ಟಂಗ ಇರಬೇಕು."

ಅವತ್ತೇ ಇನ್ನೊಂದು ಪಾಠವನ್ನೂ ಹೇಳಿದರು. ದಾಖಲಾತಿ ಪುಸ್ತಕದಲ್ಲಿ ಸಂಖ್ಯೆ, ಶೀರ್ಷಿಕೆ, ಕರ್ತೃ, ಬೆಲೆ ಎಲ್ಲ ಆದಮೇಲೆ ಕೊನೆಯಲ್ಲಿ ಷರಾ ಎಂಬ ಕಾಲಂ ಇರುತ್ತದೆ. ಹೇಳಲಿಕ್ಕೆ ಬೇರೆಲ್ಲೂ ಜಾಗವಿಲ್ಲದ ಮಾತುಗಳನ್ನು ಅಲ್ಲಿ ಬರೆಯಬೇಕು. ಅದರ ಮೇಲೆ ಬೆರಳಿಟ್ಟು ಅವರು ಅಂದರು: "ತಪ್ಪಿ ಎಲ್ಲೆರ ಮುದ್ರಿ ಬಿತ್ತು ಅನ್ನು, ಉಜ್ಜಬ್ಯಾಡ. ಉಜ್ಜಿದ್ರ ಕಳ್ಳತನ ಆಗ್ತೈತಿ. ತಪ್ಪಾಗಿ ಮುದ್ರೆ ಬಿದ್ದಿದೆ ಅಂತ ಷರಾದಾಗ ಬರದು ಸಹಿ ಮಾಡು. ಅಷ್ಟು ಸಾಕು." ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೇನು ಖರ್ಚು!

ಮದುವೆಯಾಗಿ ಸೊರಬ ತಾಲ್ಲೂಕಿಗೆ ಬಂದೆ. ಗಂಡನ ಊರು ಉಳವಿಯಿಂದ ಸ್ವಲ್ಪ ದೂರ. ಅಲ್ಲಿನ ಗ್ರಾಮ ಪಂಚಾಯತಿಗೆ ಒಂದು ಗ್ರಂಥಾಲಯ ಬಂದಾಗ ಅರ್ಜಿ ಹಾಕಿದೆ, ಗ್ರಂಥಾಲಯ ಇಲಾಖೆಯಿಂದ ಆದೇಶ ಬಂತು. ನಮ್ಮನ್ನು ಪಂಚಾಯತಿಗೆ ಸೇರಿಸಿದ್ದು ಆಮೇಲೆ. ಹುದ್ದೆಯ ಹೆಸರು ಗ್ರಂಥಾಲಯ ಮೇಲ್ವಿಚಾರಕಿ. ಸಂಬಳವಲ್ಲ, ಗೌರವ ಸಂಭಾವನೆ. ಆ ಹೆಸರು ಕೇಳಿ ನನ್ನ ಗಂಡನಿಗೆ ವರ್ಷಗಟ್ಟಲೆ ಸಾಕಾಗುವಷ್ಟು ತಮಾಷೆ ಸಿಕ್ಕಿತು. ಬೆಳಿಗ್ಗೆ ನಾನು ಹೊರಟರೆ ಸಾಕು, "ಏನ್ರೀ ಮೇಲ್ವಿಚಾರಕಿಯೋರೇ, ಇವತ್ತು ಯಾರ ಮ್ಯಾಲೆ ವಿಚಾರ?" ಎನ್ನುತ್ತಿದ್ದರು. ನಿಜಕ್ಕೂ ನನ್ನ ಕೈಕೆಳಗೆ ಯಾರೂ ಇರಲಿಲ್ಲ. ಬೀಗ ತೆಗೆಯುವವಳು ನಾನೇ, ಕಸ ಗುಡಿಸುವವಳು ನಾನೇ, ಪತ್ರಿಕೆ ಬರದಿದ್ದರೆ ಬಸ್ಸಿನವರ ಹತ್ತಿರ ಜಗಳವಾಡುವವಳೂ ನಾನೇ.

ಆದರೂ ಆ ಒಂದು ಕೋಣೆ ನನಗೆ ಇಷ್ಟವಾಗಿತ್ತು. ಸುಳ್ಳೇಕೆ ಹೇಳಲಿ, ಹೆಮ್ಮೆಯೂ ಇತ್ತು. ಅಂಚೆ ತೆರಪಿನ ಶಿಕ್ಷಣದಲ್ಲಿ ಗ್ರಂಥಾಲಯ ವಿಜ್ಞಾನದ ಪದವಿಗೆ ಕಟ್ಟಿದೆ. ಗದ್ದೆಯ ಕೆಲಸ, ಮಗಳ ಶಾಲೆ, ಗ್ರಂಥಾಲಯ ಮೂರರ ನಡುವೆ ಓದಿ ಒಳ್ಳೆಯ ಅಂಕವನ್ನೇ ತೆಗೆದೆ. ನನ್ನ ಕೋಣೆಯಲ್ಲಿ ಕೂತು ಓದಿದ ಹುಡುಗಿಯರಲ್ಲಿ ಒಬ್ಬಳು ಪೊಲೀಸ್ ಆದಳು, ಇನ್ನೊಬ್ಬಳು ಗ್ರಾಮ ಲೆಕ್ಕಾಧಿಕಾರಿಯಾದಳು. ಅವರ ಅರ್ಜಿ ತುಂಬಿದ್ದು ನಾನು, ಕೊನೆಯ ದಿನಾಂಕ ನೆನಪಿಸಿದ್ದು ನಾನು. ದೀಪದ ಬುಡ ಕತ್ತಲೆ ಎಂದು ಊರವರು ಅನ್ನುತ್ತಿದ್ದರು, ನನಗೆ ಕೇಳಿಸುವಂತೆಯೇ.

ಆಮೇಲೆ ಒಂದು ವರ್ಷ ಗ್ರಂಥಾಲಯ ಸಹಾಯಕರ ಹುದ್ದೆಗಳಿಗೆ ಪ್ರಕಟಣೆ ಬಂತು. ಖಾಯಂ ಹುದ್ದೆ. ಪತ್ರಿಕೆಗೆ ಮುದ್ರೆ ಒತ್ತುವಾಗ ಮೊದಲು ಕಂಡವಳು ನಾನೇ. ವಯೋಮಿತಿಯ ಸಾಲನ್ನು ಮೂರು ಸಲ ಓದಿದೆ. ಸಡಿಲಿಕೆ ಎಲ್ಲ ಸೇರಿ ನನಗೆ ಅದೇ ಕೊನೆಯ ಅವಕಾಶ. ಮುಂದಿನ ಸಲ ಕರೆದರೂ ನಾನು ಲೆಕ್ಕಕ್ಕಿಲ್ಲ. ಅರ್ಜಿ ಹಾಕಿದೆ. ಅಂಕಗಳ ಆಧಾರದ ತಾತ್ಕಾಲಿಕ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಮೂಲ ದಾಖಲೆಗಳೊಂದಿಗೆ ಶಿವಮೊಗ್ಗಕ್ಕೆ ಪರಿಶೀಲನೆಗೆ ಬರಬೇಕೆಂದು ಪತ್ರವೂ ಬಂತು. ಶಿಕಾರಿಪುರದಲ್ಲಿ ಒಂದು ಜಾಗ ಖಾಲಿ ಇದೆ ಎಂದು ಕೇಳಿದ್ದೆ. ನಾನು ಕಲಿತ ಜಾಗದಲ್ಲೇ, ಆ ಅಟೆಂಡರ್ ಕೂರುತ್ತಿದ್ದ ಕಿಟಕಿಯ ಹತ್ತಿರವೇ ನಾನು ಕೂತಂತೆ ಹಗಲಿನಲ್ಲೇ ಕನಸು ಕಂಡೆ.

ಪರಿಶೀಲನೆಗೆ ಎರಡು ದಿನ ಇರುವಾಗ ಹೊಸ ಪುಸ್ತಕಗಳ ಎರಡು ಮೂಟೆ ಬಂದವು. ಊರು ಬಿಟ್ಟು ಹೋಗುವವಳು ಕೆಲಸ ಬಾಕಿ ಇಟ್ಟು ಹೋಗಬಾರದು ಎಂದುಕೊಂಡೆ. ಹೋಗಿಯೇ ಬಿಡುತ್ತೇನೆ ಎಂಬಷ್ಟು ಧೈರ್ಯ ಇತ್ತು ನೋಡಿ. ಅವತ್ತು ಸಂಜೆ ಶಿರಾಳಕೊಪ್ಪಕ್ಕೆ ಹೋಗಿ ಜೆರಾಕ್ಸ್ ಮಾಡಿಸಬೇಕೆಂದು ಪ್ರಮಾಣಪತ್ರಗಳನ್ನೆಲ್ಲ ಜೊತೆಗೇ ತಂದಿದ್ದೆ. ಮದುವೆಗೆ ಮುಂಚಿನ ಪದವಿಯ ಅಂಕಪಟ್ಟಿ ಟ್ರಂಕಿನಲ್ಲಿ ಸುರುಳಿಯಾಗಿ ಇದ್ದು ಇದ್ದು, ಬಿಡಿಸಿದರೂ ಮತ್ತೆ ಸುತ್ತಿಕೊಳ್ಳುತ್ತಿತ್ತು. ಹೊಸ ಪುಸ್ತಕಗಳಲ್ಲಿ ಮಕ್ಕಳ ಭೂಪಟದ ಒಂದು ದೊಡ್ಡ ಪುಸ್ತಕ ಇತ್ತು. ಅದರೊಳಗೆ ಅಂಕಪಟ್ಟಿ ಇಟ್ಟು ಮೇಲೆ ಭಾರ ಹೇರಿದರೆ ನೆಟ್ಟಗಾಗುತ್ತದೆ ಎಂದುಕೊಂಡೆ. ಎಲ್ಲಿಟ್ಟೆ ಎಂದು ಮರೆಯಬಾರದಲ್ಲ, ಅದಕ್ಕೆ ನೆನಪಿಟ್ಟುಕೊಂಡು ಇಪ್ಪತ್ತೈದನೇ ಪುಟದಲ್ಲಿಟ್ಟೆ.

ಮಧ್ಯಾಹ್ನ ಮುದ್ರೆ ಒತ್ತಲು ಕೂತೆ. ಆ ಕೆಲಸಕ್ಕೆ ಕಣ್ಣು ಬೇಡ. ಎಡಗೈ ಪುಟ ತಿರುವುತ್ತದೆ, ಬಲಗೈ ಒತ್ತುತ್ತದೆ. ದಿನಾ ಪತ್ರಿಕೆ ಓದಲು ಬರುವ ಒಬ್ಬ ಅಜ್ಜ ಬೆಂಚಿನ ಮೇಲಿದ್ದರು. "ತಂಗೀ, ಈ ಪೇಪರಿನ ಒಳಗಿನ ಹಾಳೆ ಎಂತ ಆತು? ಅಡಕೆ ರೇಟಿಂದು?" ಎಂದರು. "ಮೇಜಿನ ಕೆಳಗೆ ಬಿದ್ದೈತೆ ನೋಡಿ ಅಜ್ಜ" ಎಂದು ಅತ್ತ ತಿರುಗಿ ಹೇಳಿದೆ. ಇತ್ತ ತಿರುಗುವಷ್ಟರಲ್ಲಿ ಮುದ್ರೆ ಬಿದ್ದಾಗಿತ್ತು. ಕುಂಕುಮ ಇಟ್ಟಷ್ಟು ಅಚ್ಚುಕಟ್ಟಾಗಿ, ಗ್ರಾಮ ಪಂಚಾಯತಿ ಗ್ರಂಥಾಲಯ, ಸೊರಬ ತಾಲ್ಲೂಕು ಎಂದು, ನನ್ನ ಅಂಕಪಟ್ಟಿಯ ನೋಂದಣಿ ಸಂಖ್ಯೆಯ ಮೇಲೆ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಉಜ್ಜಿದೆ. ಮೊದಲು ರಬ್ಬರಿನಲ್ಲಿ. ಶಾಯಿ ಇನ್ನೂ ಹಸಿ ಇತ್ತು, ಹರಡಿತು. ಸೆರಗಿನ ತುದಿ ಒದ್ದೆ ಮಾಡಿ ಉಜ್ಜಿದೆ. ಮುದ್ರೆಯ ಅಂಚು ಉಳಿದು ನಡುವಿನ ನೇರಳೆ ಹೋಗಿ ಬೂದಿ ಬಣ್ಣವಾಯಿತು, ಕಾಗದ ಹತ್ತಿಯ ಹಾಗೆ ಎದ್ದಿತು, ನೋಂದಣಿ ಸಂಖ್ಯೆಯ ಕೊನೆಯ ಎರಡು ಅಂಕಿ ಅದರೊಳಗೆ ಮುಳುಗಿದವು. ಆಗ ಅಟೆಂಡರ್ ಮಾತು ನೆನಪಾಯಿತು. ಎರಡು ನಿಮಿಷ ಮುಂಚೆ ನೆನಪಾಗಿದ್ದರೆ ಅದರ ಗಂಟೇನು ಹೋಗುತ್ತಿತ್ತೋ! ಅಜ್ಜ ಅಡಿಕೆ ಧಾರಣೆ ಓದುತ್ತಿದ್ದರು. ನಾನು ಅಳುತ್ತಿರುವುದನ್ನು ಕಂಡು, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳಿದರು.

ಶಿವಮೊಗ್ಗದಲ್ಲಿ ನನ್ನ ಕಾಗದ ನೋಡಿದ ಅಧಿಕಾರಿ ಕೆಟ್ಟವರಲ್ಲ. ಅವರು ಕೆಟ್ಟವರಾಗಿದ್ದರೆ ನನಗೆ ಬೈಯಲಿಕ್ಕಾದರೂ ಒಬ್ಬರು ಸಿಗುತ್ತಿದ್ದರು. ಕನ್ನಡಕ ತೆಗೆದು, ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ಮುದ್ರೆ ಬಿದ್ದಿದೆ ಅಷ್ಟೇ ಆಗಿದ್ರೆ ನಾನೇ ಬಿಟ್ಬಿಡ್ತಿದ್ದೆ ಮೇಡಂ. ಉಜ್ಜಿದೀರಲ್ಲ. ನಂಬರ್ ಮೇಲೆ ಉಜ್ಜಿದ್ದನ್ನ ನಾನು ಹೇಗೆ ಒಪ್ಪಲಿ?"

ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. "ಹಾಗಾದ್ರೆ ಆ ಗ್ರಂಥಾಲಯ ನೋಡ್ಕೊಳ್ಳೋರ ಹತ್ರ ಒಂದು ಪತ್ರ ತನ್ನಿ" ಎಂದರು.

"ಅದು ನಾನೇ ಸರ್."

ಪಕ್ಕದ ಮೇಜಿನವರು ನಕ್ಕರು. ಅಧಿಕಾರಿ ನಗಲಿಲ್ಲ. "ನಿಮಗೆ ನೀವೇ ಸರ್ಟಿಫಿಕೇಟ್ ಕೊಟ್ಕೊಳ್ಳಕ್ಕೆ ಬರಲ್ಲ ಮೇಡಂ. ನಿಮ್ಮ ಮೇಲಿನೋರು ಯಾರಿದಾರೆ, ಅವರ ಪತ್ರ ತನ್ನಿ. ಇಲ್ಲಾ ವಿಶ್ವವಿದ್ಯಾಲಯದಿಂದ ನಕಲು ಅಂಕಪಟ್ಟಿ ತನ್ನಿ. ನಾಳಿದ್ದು ಸಂಜೆ ಐದರೊಳಗೆ."

ನಕಲು ಅಂಕಪಟ್ಟಿ ಬರಲು ತಿಂಗಳುಗಳು ಬೇಕು ಎಂದು ಫೋನಿನಲ್ಲೇ ಗೊತ್ತಾಯಿತು. ಉಳಿದದ್ದು ಪತ್ರ. ಮರುದಿನ ಬೆಳಿಗ್ಗೆ ನಮ್ಮ ಪಂಚಾಯತಿಯ ಪಿಡಿಒ ಎದುರು ನಿಂತೆ. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದವಳು. "ಸೀಲ್ ನಮ್ದು ಅಂತ ಬರೆದು ಕೊಡ್ತೀನಿ ಅಕ್ಕ. ಆದ್ರೆ ಉಜ್ಜಿದ್ದರ ಕೆಳಗೆ ಯಾವ ನಂಬರ್ ಇತ್ತು ಅಂತ ನಾನು ಹೆಂಗೆ ಹೇಳ್ಲಿ? ನಿಮ್ಮ ನೇಮಕಾತಿನೂ ನಮ್ಮ ಕಡೆಯಿಂದ ಆಗಿದ್ದಲ್ಲ. ಮೊದ್ಲು ಆದೇಶ ಕೊಟ್ಟೋರ ಹತ್ರ ನಿಮ್ಮ ಹಳೇ ಕಾಗದ ಇರ್ತವೆ, ಅವರನ್ನ ಕೇಳಿ." ಮೊದಲು ಆದೇಶ ಕೊಟ್ಟ ಗ್ರಂಥಾಲಯ ಇಲಾಖೆಯವರನ್ನು ಕೇಳಿದರೆ, "ನೀವೀಗ ಪಂಚಾಯತಿಗೆ ಸೇರಿದೋರು, ನಿಮ್ಮ ಫೈಲ್ ಎಲ್ಲ ಅಲ್ಲಿಗೇ ಕಳಿಸಾಯ್ತಲ್ಲ" ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಜಗಳವೂ ಇರಲಿಲ್ಲ. ಇಬ್ಬರೂ ನನಗೆ ಕುರ್ಚಿ ಕೊಟ್ಟು ಕೂರಿಸಿ, ನೀರು ಕೊಟ್ಟು, ಆಗುವುದಿಲ್ಲ ಎಂದು ಹೇಳಿದರು.

ಕೊನೆಯ ದಿನ, ಪಿಡಿಒ ಕೊಟ್ಟ ಅರೆಬರೆ ಪತ್ರವನ್ನೇ ಹಿಡಿದು ಹೊರಟೆ. ಶಿಕಾರಿಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಯಾಕೋ ಕಾಲು ಆ ಅಟೆಂಡರ್ ಮನೆಯ ಕಡೆ ಹೋಯಿತು. ನಿವೃತ್ತರಾಗಿ ಬಹಳ ಕಾಲವಾಗಿತ್ತು, ಅವರಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೆ ಕಣ್ಣು ಮಂಜಾಗಿತ್ತು. ಅಂಕಪಟ್ಟಿಯನ್ನು ಕೈಗೆ ಕೊಟ್ಟೆ. ಹೆಬ್ಬೆರಳಿನಿಂದ ಸವರುತ್ತಾ ಬಂದವರು ಎದ್ದಿದ್ದ ಕಾಗದದ ಮೇಲೆ ನಿಲ್ಲಿಸಿದರು.

"ಉಜ್ಜಿದೇನವ್ವ?"

"ಹೂಂ."

ಅವರು ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟರು. ಅವರ ಹೆಂಡತಿ ಚಹಾ ತಂದರು. ಕುಡಿಯದೆ ಎದ್ದರೆ ಬೇಜಾರು ಮಾಡಿಕೊಳ್ಳುತ್ತಾರೆಂದು ಕುಡಿದೆ.

ಶಿವಮೊಗ್ಗದಲ್ಲಿ ಆ ಪತ್ರ ಸಾಲದು ಎಂದರು. ಅದು ನನಗೆ ಮೊದಲೇ ಗೊತ್ತಿತ್ತು. ಗೋಡೆಯ ಗಡಿಯಾರದಲ್ಲಿ ಐದಾಗುವವರೆಗೂ ವರಾಂಡದ ಬೆಂಚಿನ ಮೇಲೆ ಕೂತಿದ್ದೆ. ಯಾರಾದರೂ ಹೊರಗೆ ಬಂದು ನನ್ನ ಹೆಸರು ಕರೆಯಬಹುದು ಎಂದು ಅನ್ನಿಸುತ್ತಿತ್ತು. ಕರೆಯಲು ಕಾರಣವೇ ಇರಲಿಲ್ಲ, ಆದರೂ ಅನ್ನಿಸುತ್ತಿತ್ತು. ಐದಾದ ಮೇಲೆ ಜವಾನ ಬಂದು ಬಾಗಿಲು ಹಾಕಬೇಕು ಅಮ್ಮ ಎಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ಬೇರೆಯವರ ವಿಷಯದಲ್ಲಿ ಎಷ್ಟೋ ಸಲ ಹೇಳಿದ್ದೆ. ನನ್ನ ತುತ್ತನ್ನು ತಟ್ಟಿ ಬೀಳಿಸಿದ್ದು ನನ್ನದೇ ಕೈ. ಮನೆಗೆ ಬಂದಾಗ ಗಂಡ ತಮಾಷೆ ಮಾಡಲಿಲ್ಲ. ಲ್ಯಾಮಿನೇಷನ್ ಮಾಡಿಸಿದ್ದರೆ ಒರೆಸಿದರೆ ಹೋಗುತ್ತಿತ್ತು ಎಂದು ಮಾತ್ರ ಅಂದರು. ಮೂಲ ದಾಖಲೆ ಲ್ಯಾಮಿನೇಷನ್ ಮಾಡಿಸಬಾರದು ಎಂದು ಊರಿಗೆಲ್ಲ ಹೇಳುತ್ತಿದ್ದವಳು ನಾನೇ. ಆ ರಾತ್ರಿ ಅವರ ಮೇಲೆ ಸಿಕ್ಕಾಪಟ್ಟೆ ಸಿಟ್ಟು ಮಾಡಿಕೊಂಡೆ, ಪಾಪ.

ನಕಲು ಅಂಕಪಟ್ಟಿ ಬಂದಾಗ ಅಂತಿಮ ಪಟ್ಟಿ ಹೊರಬಿದ್ದು, ಅದರಲ್ಲಿ ಇದ್ದವರು ಕೆಲಸಕ್ಕೆ ಸೇರಿಯೂ ಆಗಿತ್ತು. ನನ್ನ ವಯಸ್ಸೂ ದಾಟಿತ್ತು. ನಕಲನ್ನು ಟ್ರಂಕಿಗೆ ಹಾಕಿದೆ. ಹಳೆಯದನ್ನು ಹರಿಯಲು ಕೈ ಬರಲಿಲ್ಲ. ಆ ಭೂಪಟದ ಪುಸ್ತಕದಲ್ಲೇ ಮತ್ತೆ ಇಟ್ಟೆ, ಅದೇ ಪುಟದಲ್ಲಿ.

ಆ ವರ್ಷ ಪುಸ್ತಕಗಳ ತಪಾಸಣೆಗೆ ತಾಲ್ಲೂಕಿನಿಂದ ಒಬ್ಬರು ಬಂದರು. ಒಂದೊಂದೇ ಪುಸ್ತಕದ ಗುಟ್ಟಿನ ಪುಟ ತೆಗೆದು ಮುದ್ರೆ ನೋಡಿ ಬದಿಗಿಡುತ್ತಿದ್ದರು. ಭೂಪಟದ ಸರದಿ ಬಂತು. ಅಂಕಪಟ್ಟಿ ಸಿಕ್ಕಿತು. ಅವರಿಗೆ ಊಟದ ಹೊತ್ತಾಗಿತ್ತು, ಏನೆಂದು ಸರಿಯಾಗಿ ನೋಡಲೂ ಇಲ್ಲ.

"ಇದಕ್ಕೆ ಸೀಲ್ ಐತಿ, ನಂಬರ್ ಇಲ್ಲ. ಸೀಲ್ ಬಿದ್ದ ಮ್ಯಾಲೆ ಅದು ಗ್ರಂಥಾಲಯದ್ದೇ ಅಲ್ಲೇನ್ರೀ? ರಿಜಿಸ್ಟರಿಗೆ ಹತ್ತಿಸ್ರಿ."

ಅದು ನನ್ನದು ಸರ್ ಎನ್ನಬಹುದಿತ್ತು. ಎನ್ನಲಿಲ್ಲ. ಮತ್ತೆ ಕಥೆ ಹೇಳಿ, ಮತ್ತೆ ಒಬ್ಬರು ಅಯ್ಯೋ ಪಾಪ ಎನ್ನುವುದನ್ನು ಕೇಳುವ ಶಕ್ತಿ ನನ್ನಲ್ಲಿ ಇರಲಿಲ್ಲ. ದಾಖಲಾತಿ ಪುಸ್ತಕ ತೆರೆದೆ. ಮುಂದಿನ ಸಂಖ್ಯೆ ಹಾಕಿದೆ. ಶೀರ್ಷಿಕೆಯಲ್ಲಿ ಅಂಕಪಟ್ಟಿ ಎಂದು ಬರೆದೆ, ಕರ್ತೃ ಎಂಬಲ್ಲಿ ನನ್ನ ಹೆಸರು. ಬೆಲೆಯ ಕಾಲಂ ಖಾಲಿ ಬಿಟ್ಟೆ. ಕೊನೆಯಲ್ಲಿ ಷರಾ ಇತ್ತು. ತಪ್ಪಾಗಿ ಮುದ್ರೆ ಬಿದ್ದಿದೆ ಎಂದು ಬರೆದು ಸಹಿ ಮಾಡಿದೆ. ಅವರು ನನ್ನ ಸಹಿ ನೋಡಿದರು, ಪಕ್ಕದಲ್ಲಿ ಸರಿ ಎಂದು ಗುರುತು ಹಾಕಿ ಮುಂದಿನ ಪುಸ್ತಕ ಕೇಳಿದರು.